ಹಸಿ ಎಲೆಯಿಂದ ಹರಾಜಿನವರೆಗೆ: ಸಣ್ಣ ಟೀ ಕಾರ್ಖಾನೆಯ ಸರಬರಾಜನ್ನು ನಿಭಾಯಿಸುವ ಬಗೆ

ನೀಲಗಿರಿಯ ಕೂನೂರು, ಕೋತಗಿರಿ, ಗೂಡಲೂರುಗಳ ಸುತ್ತ ಸಣ್ಣ ಬೆಳೆಗಾರರಿಂದ ಹಸಿ ಎಲೆ ಕೊಂಡು ಸಿಟಿಸಿ ಟೀ (ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಸಿ ಮಾಡುವ ಕಾಳುಕಾಳಾದ ಟೀ) ತಯಾರಿಸುವ ಕಾರ್ಖಾನೆಗಳು ಬಹಳಷ್ಟಿವೆ. ಲಾಭ ಇಳಿದಾಗಲೆಲ್ಲ ಅವುಗಳ ಹೊಣೆ ಹೊತ್ತವರು ಮೊದಲು ದೂರುವುದು ಹರಾಜಿನ ಬೆಲೆಯನ್ನು. ಆ ಬೆಲೆ ಯಾರ ಕೈಯಲ್ಲೂ ಇಲ್ಲ. ಆದರೆ ಎಲೆ ಗಿಡದಿಂದ ಕಳಚಿದ ಗಳಿಗೆಯಿಂದ ಕಾರ್ಖಾನೆಯಲ್ಲಿ ಗಾಳಿ ಹಾಯಿಸಿ ಎಲೆ ಬಾಡಿಸುವ ಉದ್ದನೆಯ ತೊಟ್ಟಿಯಾದ ಟ್ರಫ್‌ನ ಮೇಲೆ ಹರಡಿಕೊಳ್ಳುವವರೆಗಿನ ಐದಾರು ಗಂಟೆಗಳು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇವೆ. ಸರಬರಾಜನ್ನು ಸರಿಪಡಿಸಬೇಕೆನ್ನುವವರು ಅಲ್ಲಿಂದಲೇ ತೊಡಗಬೇಕು.

ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಹಸಿ ಎಲೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಆಗಿರುವುದರಿಂದ ಒಂದು ಕಿಲೋ ಟೀಗೆ ಸುಮಾರು ನಾಲ್ಕೂವರೆ ಕಿಲೋ ಎಲೆ ಬೇಕಾಗುತ್ತದೆ. ಅಂದರೆ ನೂರು ಕಿಲೋ ಎಲೆಗೆ 22ರಿಂದ 23 ಕಿಲೋ ಟೀ. ಕಾರ್ಖಾನೆಯವರು ಇದನ್ನು ಔಟ್‌ಟರ್ನ್ ಎನ್ನುತ್ತಾರೆ. ಎಲೆಗೆ ಕಿಲೋಗೆ 20 ರೂಪಾಯಿ ಕೊಟ್ಟಿದ್ದೀರಿ ಎಂದುಕೊಳ್ಳೋಣ. ಸಾವಿರ ಕಿಲೋ ಎಲೆಯಿಂದ 225 ಕಿಲೋ ಟೀ ಬಂದರೆ ಕಿಲೋ ಟೀಗೆ ಎಲೆಯ ಖರ್ಚು ಸುಮಾರು 89 ರೂಪಾಯಿ. 215 ಕಿಲೋ ಮಾತ್ರ ಬಂದರೆ 93 ರೂಪಾಯಿ. ಔಟ್‌ಟರ್ನ್ 22.5ರಿಂದ 21.5ಕ್ಕೆ, ಒಂದೇ ಒಂದು ಅಂಕ ಜಾರಿದ್ದಕ್ಕೆ ಕಿಲೋ ಟೀಗೆ ನಾಲ್ಕು ರೂಪಾಯಿ ಹೋಯಿತು. ಕೂಲಿ, ಸೌದೆ, ವಿದ್ಯುತ್ತುಗಳಲ್ಲಿ ಅಷ್ಟನ್ನು ಉಳಿಸಲು ಎಷ್ಟು ಹೆಣಗಬೇಕೆಂಬುದು ಕಾರ್ಖಾನೆ ನಡೆಸಿದವರಿಗೆ ಗೊತ್ತು.

ಈ ಅಂಕ ಜಾರುವುದು ಹೆಚ್ಚಾಗಿ ತೂಕದ ಕಟ್ಟೆಯ ಬಳಿ. ಮಳೆಗಾಲದಲ್ಲಿ ಎಲೆಯ ಮೇಲೆ ನಿಂತ ನೀರಿಗೂ ನಾವು ಬೆಲೆ ತೆರುತ್ತೇವೆ. ಹಾಗೆಂದು ಮೇಸ್ತ್ರಿಯೊಬ್ಬ ಕಣ್ಣಂದಾಜಿನಲ್ಲಿ ತೂಕ ಕಡಿದರೆ ಬೆಳೆಗಾರರು ಮುಂದಿನ ವಾರ ಪಕ್ಕದ ಕಾರ್ಖಾನೆಯ ಗಾಡಿಗೆ ಎಲೆ ಹಾಕುತ್ತಾರೆ, ಅದು ನ್ಯಾಯವೂ ಹೌದು. ಕಳೆಯುವ ಪ್ರಮಾಣವನ್ನು ಮೊದಲೇ ಗೊತ್ತುಮಾಡಿ, ಬರೆದು ತೂಗುಹಾಕಿ, ಎಲೆ ತಂದವರ ಎದುರಿಗೇ ಒದ್ದೆ ಎಲೆಯನ್ನು ಒರೆಸಿ ಮತ್ತೆ ತೂಗಿ ತೋರಿಸುವುದು ಒಳ್ಳೆಯದು. ಎಲೆಯ ಗುಣಮಟ್ಟಕ್ಕೂ ಇದೇ ಕ್ರಮ: ಪ್ರತಿ ಲೋಡಿನಿಂದ 100 ಗ್ರಾಂ ತೆಗೆದು, ಎರಡೆಲೆ ಒಂದು ಕುಡಿಯ ಎಳೆಯ ಚಿಗುರನ್ನು ಒಂದು ಕಡೆ, ಬಲಿತದ್ದನ್ನು ಇನ್ನೊಂದು ಕಡೆ ಮಾಡಿ ತೂಗಬೇಕು. ಸಂದೇಹ ಬಂದ ಕಡ್ಡಿಯನ್ನು ಬೆರಳಲ್ಲಿ ಬಾಗಿಸಿ ನೋಡಿ; ಪಟ್ಟನೆ ಮುರಿದರೆ ಎಳೆಯದು, ನಾರು ಎಳೆದುಕೊಂಡು ಜೋತುಬಿದ್ದರೆ ಬಲಿತದ್ದು. ಕೀಳುವ ಸುತ್ತು ಏಳರಿಂದ ಹತ್ತು ದಿನಗಳ ಒಳಗಿದ್ದ ತೋಟದ ಎಲೆಗೂ, ಆಳು ಸಿಗದೆ ಮೂರು ವಾರ ಬಿಟ್ಟ ತೋಟದ ಎಲೆಗೂ ಇರುವ ಅಂತರ ಈ ನೂರು ಗ್ರಾಮಿನಲ್ಲೇ ಕಾಣುತ್ತದೆ.

ಸಾಗಣೆಯ ವಿಷಯದಲ್ಲಿ ನನ್ನ ಸಲಹೆ ಸರಳ: ಗಾಡಿ ಬಂದೊಡನೆ ಕಾಗದ ನೋಡುವ ಮೊದಲು ಚೀಲದ ನಡುವಿಗೆ ಮೊಣಕೈವರೆಗೆ ಕೈ ಇಳಿಸಿ. ಕೈಗೆ ತಂಪು ಹತ್ತಿದರೆ ಎಲೆ ಬದುಕಿದೆ. ಬಿಸಿ ತಾಗಿದರೆ, ಹೊರಗೆ ಎಷ್ಟೇ ಹಸಿರಾಗಿ ಕಂಡರೂ, ಒಳಗೆ ಕೆಂಪಾಗತೊಡಗಿದೆ. ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ, ತುರುಕಿ ತುಂಬಿದ ಚೀಲದಲ್ಲಿ ಆ ಶಾಖಕ್ಕೆ ಹೊರದಾರಿಯಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಚೀಲ ಬಿಟ್ಟು ಗಾಳಿಯಾಡುವ ಬಲೆಚೀಲಗಳನ್ನು ಕಾರ್ಖಾನೆಯೇ ಕೊಡಬೇಕು, ಚೀಲದ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಬೇಕು, ದೂರದ ಊರಿನ ಎಲೆಯನ್ನು ಸಂಜೆಯವರೆಗೆ ಕಾಯಿಸದೆ ದಿನಕ್ಕೆ ಎರಡು ಸಲ ಎತ್ತಬೇಕು. ಎರಡನೆಯ ಸುತ್ತಿನ ಡೀಸೆಲ್ ದುಬಾರಿ ಎನ್ನುವವರು ಮೇಲಿನ ನಾಲ್ಕು ರೂಪಾಯಿಯ ಲೆಕ್ಕವನ್ನು ಇನ್ನೊಮ್ಮೆ ಓದಲಿ.

ಗುಣಮಟ್ಟದ ಮಾತು ಇಲ್ಲಿ ಬರಿಯ ಹೆಮ್ಮೆಯ ವಿಷಯವಲ್ಲ. ಬೆಳೆಗಾರರಿಗೆ ಕೊಡಬೇಕಾದ ಹಸಿ ಎಲೆಯ ಬೆಲೆಯನ್ನು ಟೀ ಬೋರ್ಡ್ ಹರಾಜಿನ ಸರಾಸರಿಗೆ ಹೊಂದಿಸಿ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಆದ್ದರಿಂದ ನಿಮ್ಮ ಟೀ ಸರಾಸರಿಗಿಂತ ಕೆಳಗೆ ಮಾರಾಟವಾಗುತ್ತಿದ್ದರೂ ಎಲೆಗೆ ಮಾತ್ರ ಸರಾಸರಿಯ ಲೆಕ್ಕದಲ್ಲೇ ಹಣ ತೆರುತ್ತೀರಿ. ನಷ್ಟದಲ್ಲಿರುವ ಕಾರ್ಖಾನೆ ಕೊಂಡಷ್ಟೂ ನಷ್ಟ ಹೆಚ್ಚಾಗುವುದು ಹೀಗೆ. ಪ್ರತಿ ವಾರ ನಿಮ್ಮ ಗ್ರೇಡುಗಳಿಗೆ (ಕಾಳಿನ ಗಾತ್ರದಂತೆ ಬೇರ್ಪಡಿಸಿದ ಟೀಗೆ) ಸಿಕ್ಕ ಬೆಲೆಯನ್ನು ಕೂನೂರಿನ ಹರಾಜಿನ ಸರಾಸರಿಯ ಪಕ್ಕದಲ್ಲಿ ಬರೆದಿಡಿ. ಆ ವಾರದ ಟೀ ಯಾವ ದಿನಗಳ ಎಲೆಯಿಂದ ಆಯಿತೆಂಬುದನ್ನೂ ನಮೂದಿಸಿ.

ಇನ್ನು ಹಣದ ಓಟ. ಎಲೆ ಟೀ ಆಗಲು ಒಂದು ದಿನ ಸಾಕು, ಟೀ ಹಣವಾಗಲು ವಾರಗಳೇ ಬೇಕು: ಒಟ್ಟಿಗೆ ಹರಾಜಿಗಿಡುವಷ್ಟು ಚೀಲಗಳ ಲಾಟ್ ತುಂಬಬೇಕು, ಗೋದಾಮಿಗೆ ಹೋಗಬೇಕು, ಬ್ರೋಕರರ ಪಟ್ಟಿಗೆ ಸೇರಬೇಕು, ಹರಾಜಾಗಬೇಕು, ಕೊಂಡವರು ಹಣ ಕಟ್ಟುವ ಗಡುವು ಮುಗಿಯಬೇಕು. ದಿನಕ್ಕೆ 10,000 ಕಿಲೋ ಎಲೆ ಕೊಳ್ಳುವ ಕಾರ್ಖಾನೆಗೆ ಮೇಲಿನ ದರದಲ್ಲಿ ದಿನಕ್ಕೆ 2 ಲಕ್ಷ ರೂಪಾಯಿ ಬೇಕು. ಹಣ ಮರಳಲು 35 ದಿನವಾದರೆ ಎಲೆಯಲ್ಲೇ 70 ಲಕ್ಷ ಸಿಲುಕಿರುತ್ತದೆ. ಗ್ರೇಡಿಂಗ್ ಮುಗಿದ ಟೀ ಲಾರಿ ಬಾಡಿಗೆ ಉಳಿಸಲೆಂದು ಐದು ದಿನ ಮೂಲೆಯಲ್ಲಿ ಕುಳಿತಿದ್ದರೆ ಅದು ಹತ್ತು ಲಕ್ಷಕ್ಕೆ ಐದು ದಿನದ ಬಡ್ಡಿ ಎಂದು ತಿಳಿಯಬೇಕು. ಮೂರು ಪ್ರತಿಶತದ ಆಸುಪಾಸಿನ ತೇವದಲ್ಲಿ ಡ್ರೈಯರ್‌ನಿಂದ ಇಳಿದ ಟೀ ಮಂಜಿನ ಗಾಳಿಯಲ್ಲಿ ಬಹುಬೇಗ ತೇವ ಹೀರುವುದರಿಂದ ಗುಣವೂ ಇಳಿಯುತ್ತದೆ.

ಹರಾಜಿನ ಹೊರಗೆ ಮೈಸೂರು, ಬೆಂಗಳೂರಿನ ಪ್ಯಾಕೆಟ್ ವ್ಯಾಪಾರಿಗಳಿಗೆ ನೇರವಾಗಿ ಮಾರುವವರು ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ಲೆಕ್ಕಕ್ಕೆ ಹಿಡಿಯಬೇಕು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಕಾಡಿನ ದಾರಿ ಮುಚ್ಚಿರುತ್ತದೆ. ಘಾಟಿಯಲ್ಲಿ ಒಂದು ಗಂಟೆ ತಡವಾದರೆ ಸರಕು ಒಂದು ಹಗಲು ತಡವಾಗುತ್ತದೆ. ಲೋಡಿಂಗ್ ಮಧ್ಯಾಹ್ನಕ್ಕೆ ಮುಗಿಯುವಂತೆ ಪಾಳಿಯನ್ನು ಹೊಂದಿಸಿಕೊಳ್ಳಿ. ಸರಕು ಇಳಿಸಿ ಖಾಲಿ ಮರಳುವಾಗ ಬಾಡಿಗೆಗೆ ಸಿಗುವ ಲಾರಿಗಳು ಅಗ್ಗವೇನೋ ಸರಿ, ಆದರೆ ಈರುಳ್ಳಿಯನ್ನೋ ಬೆಳ್ಳುಳ್ಳಿಯನ್ನೋ ಬೆಟ್ಟಕ್ಕೆ ಇಳಿಸಿ ಬಂದ ಗಾಡಿಯ ವಾಸನೆಯನ್ನು ಟೀ ಕಾಗದದ ಚೀಲದ ಮೂಲಕವೂ ಎಳೆದುಕೊಳ್ಳುತ್ತದೆ. ಮೊದಲ ಚೀಲ ಏರಿಸುವ ಮುನ್ನ ಹಿಂಬಾಗಿಲು ತೆರೆಸಿ, ಟಾರ್ಪಾಲನ್ನು ಮೂಗಿಗೆ ಹಿಡಿದು ನೋಡಿ. ಅನುಮಾನವಿದ್ದರೆ ಗಾಡಿಯನ್ನು ವಾಪಸು ಕಳಿಸಿ.