ಎರಿ ಹೊಲದ ಆಲೂಗಡ್ಡೆಗೆ ಪೊಟ್ಯಾಷ್: ಐದು ಮುಂಗಾರುಗಳ ನನ್ನ ಅನುಭವ

ಧಾರವಾಡ ತಾಲ್ಲೂಕಿನ ನಮ್ಮ ಭಾಗದಲ್ಲಿ ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಆಲೂಗಡ್ಡೆಗೆ ಪೊಟ್ಯಾಷ್ ಹಾಕುವುದು ದಂಡ ಎಂಬ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ನನ್ನ ಮಣ್ಣು ಪರೀಕ್ಷೆಯ ಚೀಟಿಯಲ್ಲಿಯೂ ಪೊಟ್ಯಾಷ್ ಎದುರಿಗೆ ‘ಅಧಿಕ’ ಎಂದೇ ಬರೆದಿತ್ತು. 2021ರಲ್ಲಿ ಕೆಂಪು ಪೊಟ್ಯಾಷ್ ಚೀಲಗಳನ್ನು ಚಕ್ಕಡಿಯಿಂದ ಇಳಿಸುತ್ತಿದ್ದಾಗ ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, “ತಮ್ಮಾ, ಎರಿ ಹೊಲಕ್ಕ ಪೊಟ್ಯಾಷ್ ಹಾಕೂದಂದ್ರ ಕೆರಿಗೆ ಕೊಡದಾಗ ನೀರು ಹೊತ್ತಂಗ” ಎಂದಿದ್ದರು. 2025ರ ಬಿತ್ತನೆಗೆ ಮುಂಚೆ ಅದೇ ಕಾಕಾ ಮನೆಗೆ ಬಂದು, ಯಾವಾಗ ಎಷ್ಟು ಹಾಕಿದೆ ಎಂದು ಮೊಮ್ಮಗನ ಕೈಯಿಂದ ಬರೆಸಿಕೊಂಡು ಹೋದರು.

ಮೊದಲ ವರ್ಷದ ತಪ್ಪು ದೊಡ್ಡದು. ಎಕರೆಗೆ ನಾಲ್ಕು ಚೀಲ ಎಂಒಪಿಯನ್ನು (ಅದೇ ಕೆಂಪು ಪೊಟ್ಯಾಷ್) ಬಿತ್ತನೆಯ ದಿನವೇ ಸಾಲಿಗೆ ಸುರಿದು, ಅದರ ಮೇಲೆಯೇ ಕತ್ತರಿಸಿದ ಗಡ್ಡೆಗಳನ್ನು ಊರಿಸಿದೆ. ಮೃಗಶಿರಾ ಮಳೆ ಒಂದು ವಾರ ಕೈಕೊಟ್ಟಿತು. ನಾಟಿ ಹುಸಿಹೋದ ಕಡೆ ಕೆದರಿ ನೋಡಿದರೆ ಮೊಳಕೆಯ ತುದಿ ಕಂದುಬಣ್ಣಕ್ಕೆ ತಿರುಗಿ ಸುಟ್ಟಂತಿತ್ತು. ಗೊಬ್ಬರದ ಉಪ್ಪು ಮೊಳಕೆಯ ನೀರನ್ನೇ ಹೀರಿಬಿಟ್ಟಿತ್ತು. ಹತ್ತರಲ್ಲಿ ಮೂರು ಗಡ್ಡೆ ಹುಟ್ಟಲಿಲ್ಲ. ಪಂಜಾಬಿನಿಂದ ಬಂದ ಕುಫ್ರಿ ಜ್ಯೋತಿ ತಳಿಯ ಬೀಜಕ್ಕೆ ಎಕರೆಗೆ ಹದಿನೆಂಟು ಸಾವಿರದಷ್ಟು ಕೊಟ್ಟಿದ್ದೆನಾದ್ದರಿಂದ ಆ ನಷ್ಟ ಇಂದಿಗೂ ಮರೆತಿಲ್ಲ.

2022ರಲ್ಲಿ ಚೀಲದ ಬೆಲೆ 1,700 ರೂಪಾಯಿಗೆ ಏರಿತ್ತು. ಆದರೂ ಹಟ ಬಿಡದೆ ಮತ್ತೆ ನಾಲ್ಕು ಚೀಲ ಹಾಕಿದೆ, ಈ ಸಲ ಗಡ್ಡೆಗೆ ತಾಗದಂತೆ. ಬೆಳೆ ಎತ್ತರಕ್ಕೆ ಬಂತು, ಆದರೆ ಐವತ್ತನೆಯ ದಿನದ ಹೊತ್ತಿಗೆ ಕೆಳಗಿನ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಯಿತು. ರೋಗವೆಂದು ತಿಳಿದು ಎರಡು ಸಲ ಔಷಧ ಹೊಡೆದು ಸುಮಾರು ಮೂರು ಸಾವಿರ ಕಳೆದೆ. ಎಲೆಯ ತೊಟ್ಟುಗಳನ್ನು ಪರೀಕ್ಷೆಗೆ ಕಳುಹಿಸಿದ ಮೇಲೆಯೇ ತಿಳಿದದ್ದು: ಪೊಟ್ಯಾಷ್ ಹಾಕದೆ ಬಿಟ್ಟ ಪಟ್ಟಿಯಲ್ಲಿ ಅದು ಶೇ 6ರ ಸುಮಾರು ಇದ್ದರೆ, ಹಾಕಿದ ಕಡೆ ಶೇ 10 ದಾಟಿತ್ತು, ಮೆಗ್ನೀಷಿಯಂ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆಲೂಗಡ್ಡೆ ಪೊಟ್ಯಾಷನ್ನು ಸಿಕ್ಕಷ್ಟೂ ಎಳೆದುಕೊಳ್ಳುತ್ತದೆ, ಆ ಭರದಲ್ಲಿ ಮೆಗ್ನೀಷಿಯಂ ಹಿಂದೆ ಬೀಳುತ್ತದೆ. ಲೀಟರಿಗೆ ಹತ್ತು ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಸಿಂಪಡಿಸಿದಾಗ ಹೊಸ ಎಲೆಗಳು ಸುಧಾರಿಸಿದವು. ಆದರೆ ಆ ವರ್ಷದ ಗಡ್ಡೆ ನೀರು ಕುಡಿದಂತಿದ್ದು, ಚಿಪ್ಸಿಗೆ ಕೊಳ್ಳುವವರು ಕತ್ತರಿಸಿ ನೋಡಿ ಬೇಡವೆಂದರು.

ಈ ನೀರುಗಡ್ಡೆಯ ಚಿಂತೆ ನನ್ನನ್ನು ಬಹಳ ದಿನ ಕಾಡಿತು. ಹತ್ತು ಲೀಟರ್ ನೀರಿಗೆ ಒಂದೂಕಾಲು ಕಿಲೋ ಅಡುಗೆ ಉಪ್ಪು ಕರಗಿಸಿ, ತೊಳೆದ ಗಡ್ಡೆಗಳನ್ನು ಬಿಟ್ಟು ನೋಡುವ ರೂಢಿಯನ್ನು ಆಗ ಬೆಳೆಸಿಕೊಂಡೆ. ಒಣ ಅಂಶ ಹೆಚ್ಚಿದ್ದ ಗಡ್ಡೆ ಮುಳುಗುತ್ತದೆ, ಕಡಿಮೆಯಿದ್ದದ್ದು ತೇಲುತ್ತದೆ. 2022ರ ಇಪ್ಪತ್ತು ಗಡ್ಡೆಗಳಲ್ಲಿ ಹದಿನಾಲ್ಕು ತೇಲಿದವು. ಎಂಒಪಿಯಲ್ಲಿ ಪೊಟ್ಯಾಷ್ ಜೊತೆಗೆ ಬರುವ ಕ್ಲೋರೈಡ್ ಅತಿಯಾದರೆ ಹೀಗಾಗುತ್ತದೆ ಎಂಬುದನ್ನು ಓದಿದ್ದೆ. ಬಕೆಟ್ಟಿನಲ್ಲಿ ಕಣ್ಣಾರೆ ಕಂಡ ಮೇಲೆ ಅರ್ಧಪಾಲನ್ನು ಕ್ಲೋರೈಡ್ ಇಲ್ಲದ ಪೊಟ್ಯಾಷಿಯಂ ಸಲ್ಫೇಟ್ ಗೊಬ್ಬರವಾದ ಎಸ್‌ಒಪಿಗೆ ಬದಲಿಸುವ ನಿರ್ಧಾರ ಮಾಡಿದೆ.

2023ರಲ್ಲಿ ಹಣ ಉಳಿಸುವ ಯೋಚನೆಯಿಂದ ಎಲ್ಲವನ್ನೂ ಮೇಲುಗೊಬ್ಬರವಾಗಿ ಆಗಸ್ಟಿನಲ್ಲಿ ಕೊಟ್ಟೆ. ಆ ಆಗಸ್ಟಿನಲ್ಲಿ ಮಳೆಯೇ ಇರಲಿಲ್ಲ. ಹನ್ನೆರಡು ದಿನಗಳ ನಂತರವೂ ಬೋದಿನ ಮಗ್ಗುಲಲ್ಲಿ ಕೆಂಪು ಹರಳುಗಳು ಇಟ್ಟಂತೆಯೇ ಇದ್ದವು. ಪೊಟ್ಯಾಷ್ ಸಿಗದೆ ಎಲೆಯಂಚು ಕಂಚಿನ ಬಣ್ಣಕ್ಕೆ ತಿರುಗಿ ಸುಟ್ಟಿತು, ಗಡ್ಡೆ ಗೋಲಿಯಷ್ಟಕ್ಕೇ ನಿಂತಿತು. ಮಣ್ಣಿನ ಚೀಟಿಯ ‘ಅಧಿಕ’ ಎಂಬ ಮಾತು ಸುಳ್ಳಲ್ಲ, ಆದರೆ ಆಲೂಗಡ್ಡೆಯ ಬೇರು ಮೇಲಿನ ಒಂದು ಅಡಿಯನ್ನು ಅಷ್ಟಾಗಿ ದಾಟುವುದಿಲ್ಲ. ಗಡ್ಡೆ ದಪ್ಪವಾಗುವ ಮೂವತ್ತು-ನಲವತ್ತು ದಿನಗಳಲ್ಲಿಯೇ ಅದಕ್ಕೆ ಬಹುಪಾಲು ಪೊಟ್ಯಾಷ್ ಬೇಕು, ಎರಿ ಮಣ್ಣು ತನ್ನ ಹಿಡಿತದಲ್ಲಿರುವುದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ.

2024ರಲ್ಲಿ ಎಕರೆಗೆ ಒಂದು ಚೀಲ ಎಂಒಪಿಯನ್ನು ಸಾಲಿನ ತಳಕ್ಕೆ ಹಾಕಿ, ನಾಲ್ಕು ಬೆರಳು ಮಣ್ಣು ಮುಚ್ಚಿ, ಅದರ ಮೇಲೆ ಗಡ್ಡೆ ಊರಿಸಿದೆ. ಮೂವತ್ತನೆಯ ದಿನದ ಸುಮಾರಿಗೆ, ಪುನರ್ವಸು ಮಳೆಯ ಹಸಿ ಇರುವಾಗಲೇ ಒಂದು ಚೀಲ ಎಸ್‌ಒಪಿಯನ್ನು ಗಿಡದ ಮಗ್ಗುಲಿಗೆ ಕೊಟ್ಟು ಅದೇ ದಿನ ಮಣ್ಣು ಏರಿಸಿದೆ. ಯೂರಿಯಾವನ್ನು ಆಮೇಲೆ ಮುಟ್ಟಲಿಲ್ಲ. ಐವತ್ತೈದನೆಯ ದಿನದ ಹತ್ತಿರ 13-0-45ರ (ನೀರಿನಲ್ಲಿ ಕರಗುವ ಪೊಟ್ಯಾಷಿಯಂ ನೈಟ್ರೇಟ್) ಒಂದು ಸಿಂಪಡಣೆ. ಆ ಸಿಂಪಡಣೆಯ ದಿನವನ್ನು ಗಿಡದ ಯಾವ ಗುರುತು ನೋಡಿ ನಿರ್ಧರಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಪೊಟ್ಯಾಷ್ ಇಲ್ಲದ ಪಟ್ಟಿಯಲ್ಲಿ ಹತ್ತು ಗಿಡ ಕಿತ್ತರೆ ಎರಡು ಕಿಲೋ, ಕೊಟ್ಟ ಕಡೆ ಎರಡೂಮುಕ್ಕಾಲು ಕಿಲೋ ಬಂತು. ಗಡ್ಡೆಗಳ ಸಂಖ್ಯೆ ಎರಡೂ ಕಡೆ ನಲವತ್ತೈದರ ಆಸುಪಾಸಿನಲ್ಲಿಯೇ ಇತ್ತು. ಹೆಚ್ಚಿದ್ದು ಗಾತ್ರ ಮತ್ತು ತೂಕ. ಎಕರೆಯ ಲೆಕ್ಕದಲ್ಲಿ 48 ಕ್ವಿಂಟಲ್ ಇದ್ದದ್ದು 66ರ ಹತ್ತಿರ ಹೋಯಿತು. ಪೊಟ್ಯಾಷಿಗೆ ಒಟ್ಟು ಏಳು ಸಾವಿರದಷ್ಟು ಖರ್ಚಾದರೆ, ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ಸಿಕ್ಕ 1,600 ರೂಪಾಯಿಯ ದರದಲ್ಲಿ ಹೆಚ್ಚುವರಿ ಗಡ್ಡೆಯಿಂದಲೇ ಇಪ್ಪತ್ತೆಂಟು ಸಾವಿರ ದಾಟಿತು. ಉಪ್ಪುನೀರಿನಲ್ಲಿ ಇಪ್ಪತ್ತರಲ್ಲಿ ತೇಲಿದ್ದು ಐದೇ. ಅಂಗಮಾರಿ ರೋಗಕ್ಕೆ ಮಾತ್ರ ಎಂದಿನಂತೆ ಔಷಧ ಹೊಡೆಯಲೇಬೇಕಾಯಿತು. 2025ರಲ್ಲಿಯೂ ಇದೇ ಕ್ರಮಕ್ಕೆ 63 ಕ್ವಿಂಟಲ್ ಬಂತು.

ಎಸ್‌ಒಪಿ ದುಬಾರಿಯೆಂದು ನಾಲ್ಕು ಸಾಲುಗಳಿಗೆ ಒಲೆಯ ಬೂದಿಯನ್ನೂ ಹಾಕಿ ನೋಡಿದ್ದೇನೆ. ನಮ್ಮ ಎರಿ ಮಣ್ಣು ಮೊದಲೇ ಕ್ಷಾರದ ಕಡೆಗಿರುವುದರಿಂದ ಆ ಸಾಲುಗಳ ಗಡ್ಡೆಗೆ ಕಜ್ಜಿ ಹತ್ತಿತು. ದಲಾಲಿ ಅಂಗಡಿಯಲ್ಲಿ ಅದನ್ನು ಬೇರೆ ರಾಶಿ ಮಾಡಿ ಕ್ವಿಂಟಲಿಗೆ ನಾನೂರು ಕಡಿಮೆ ಕಟ್ಟಿದರು. ಟನ್ ಗಡ್ಡೆ ಹೊಲದಿಂದ ಐದು ಕಿಲೋದಷ್ಟು ಪೊಟ್ಯಾಷನ್ನು ಹೊತ್ತೊಯ್ಯುತ್ತದೆ, ಬಳ್ಳಿಯಲ್ಲಿರುವುದು ಬೇರೆ. ಆದ್ದರಿಂದ ಈಗ ರೋಗವಿಲ್ಲದ ಬಳ್ಳಿಯನ್ನು ಹೊಲದಲ್ಲಿಯೇ ಬಿಟ್ಟು ರಂಟೆ ಹೊಡೆಸಿ, ಅದರ ಮೇಲೆ ಹಿಂಗಾರಿ ಕಡಲೆ ಬಿತ್ತುತ್ತಿದ್ದೇನೆ.