ಆಲೂಗಡ್ಡೆ ಮೂಟೆ ಕಟ್ಟುವ ಮುನ್ನ

ಆಲೂಗಡ್ಡೆ ಕೊಳೆತದ್ದು ಕಣ್ಣಿಗೆ ಬೀಳುವುದು ಮೂಟೆ ಬಿಚ್ಚಿದಾಗ. ಕೊಳೆಗೆ ದಾರಿಯಾಗುವುದು ಮಾತ್ರ ಅಗೆಯುವಾಗಲೇ. ಗುದ್ದಲಿ ತಾಗಿದ ಗಾಯ, ಬುಟ್ಟಿಯಿಂದ ಎತ್ತಿ ಸುರಿದಾಗ ಆದ ಜಜ್ಜು, ತರಚಿದ ಸಿಪ್ಪೆ, ಇವೇ ರೋಗಾಣುಗಳಿಗೆ ಬಾಗಿಲು. ಅದಕ್ಕೇ ಗಿಡ ಒಣಗಿದ ಮೇಲೆ, ಇಲ್ಲವೇ ಕತ್ತರಿಸಿದ ಮೇಲೆ, ಸುಮಾರು ಎರಡು ವಾರ ಗಡ್ಡೆಯನ್ನು ಮಣ್ಣಿನಲ್ಲೇ ಬಿಡಬೇಕು. ಆಮೇಲೆ ಒಂದನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸಿಪ್ಪೆ ಜಾರಿ ಬಂದರೆ ಇನ್ನೂ ಬಲಿತಿಲ್ಲ.

ಅಗೆದ ಗಡ್ಡೆಯನ್ನು ತೊಳೆಯಲೇಬಾರದು. ಅಂಟಿದ ಮಣ್ಣು ನೆರಳಿನಲ್ಲಿ ಒಣಗಲಿ, ಕೈಯಿಂದ ಕೊಡವಿದರೆ ಸಾಕು.

ಮುಂದಿನ ಹಂತವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಗಾಯ ಮಾಗಿಸುವುದು. 10ರಿಂದ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ, ಗಾಳಿಯಾಡುವ ಕತ್ತಲು ಜಾಗದಲ್ಲಿ 10ರಿಂದ 14 ದಿನ ಹರಡಿಡಿ. ಗಾಳಿಯಲ್ಲಿ ತೇವ ಇರಬೇಕು, ಗಡ್ಡೆಯ ಮೇಲೆ ನೀರು ನಿಲ್ಲಬಾರದು. ಸಣ್ಣ ಗಾಯಗಳ ಮೇಲೆ ತೊಗಟೆಯಂಥ ಪದರ ಬೆಳೆದು ಬಾಗಿಲು ಮುಚ್ಚುತ್ತದೆ.

ಈಗ ಆರಿಸಿ. ಆಳವಾಗಿ ಕೊಚ್ಚಿದ್ದು ಇವತ್ತಿನ ಅಡುಗೆಗೆ. ಮೆತ್ತಗಾದದ್ದು, ವಾಸನೆ ಬಂದದ್ದು, ಅಂಗಮಾರಿ ರೋಗದ ಕಂದು ಕಲೆ ಇರುವುದು ಹೊರಗೆ. ಇಲ್ಲಿ ಕನಿಕರ ಬೇಡ. ಒಂದು ಕೊಳೆತ ಗಡ್ಡೆಯಿಂದ ಒಸರಿದ ನೀರು ಸುತ್ತಲಿನ ಗಡ್ಡೆಗಳಿಗೂ ರೋಗ ಹತ್ತಿಸುತ್ತದೆ. ತುಂಬಿಟ್ಟ ಮೇಲೂ ಆಗಾಗ ಮೂಗನ್ನೇ ಕೆಲಸಕ್ಕೆ ಹಚ್ಚಿ, ಕಣ್ಣಿಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ.

ಗೋಣಿಚೀಲ, ಸಂದಿಯಿರುವ ಬುಟ್ಟಿ ಒಳ್ಳೆಯದು. ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿದರೆ ಕೆಟ್ಟಿತು. ಗಡ್ಡೆ ಉಸಿರಾಡುತ್ತದೆ, ಆ ಉಸಿರಿನ ತೇವ ಅಲ್ಲೇ ಹನಿಗಟ್ಟುತ್ತದೆ.

ಇನ್ನು ಮೊಳಕೆ. ಅಗೆದ ಮೇಲೆ ತಳಿಗೆ ತಕ್ಕಂತೆ ಕೆಲವು ವಾರದಿಂದ ಕೆಲವು ತಿಂಗಳು ಗಡ್ಡೆಯ ಕಣ್ಣುಗಳು, ಅಂದರೆ ಮೊಳಕೆ ಹೊರಡುವ ಗುಳಿಗಳು, ತಾವಾಗಿಯೇ ನಿದ್ರಿಸುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ ಎಚ್ಚರ. 7ರಿಂದ 10 ಡಿಗ್ರಿ ಸಿಕ್ಕರೆ ಅಡುಗೆಯ ಗಡ್ಡೆಗೆ ಹದ. ಹಾಗೆಂದು ಇನ್ನೂ ತಣ್ಣಗೆ, 4 ಡಿಗ್ರಿಗಿಂತ ಕೆಳಗಿಟ್ಟರೆ ಪಿಷ್ಟ ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ, ಕರಿದರೆ ಕಪ್ಪಿಡುತ್ತದೆ.

ಬೆಳಕು ಬಿದ್ದರೆ ಸಿಪ್ಪೆ ಹಸಿರಾಗುತ್ತದೆ. ಹಸಿರು ತಾನಾಗಿ ವಿಷವಲ್ಲ, ಆದರೆ ಜೊತೆಗೇ ಸೊಲನೈನ್ ಎಂಬ ಕಹಿ ವಿಷವೂ ಹೆಚ್ಚುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ಸಣ್ಣ ಮೊಳಕೆಯೊಡೆದ ಗಟ್ಟಿ ಗಡ್ಡೆಯಾದರೆ ಕಣ್ಣುಗಳನ್ನು ಆಳವಾಗಿ ತೆಗೆದು ಬಳಸಬಹುದು. ತುಂಬಾ ಹಸಿರಾದದ್ದನ್ನು, ಸುಕ್ಕುಗಟ್ಟಿದ್ದನ್ನು ಎಸೆಯಿರಿ.

ಬಿತ್ತನೆ ಗಡ್ಡೆಗೆ ಮಾತ್ರ ಈ ಕತ್ತಲೆಯ ಕಟ್ಟಳೆ ಇಲ್ಲ. ಬಿಸಿಲು ನೇರ ಬೀಳದ ಮಂದ ಬೆಳಕಿನಲ್ಲಿ ತೆಳ್ಳಗೆ ಹರಡಿಟ್ಟರೆ, ಕತ್ತಲಲ್ಲಿ ಬರುವ ಉದ್ದನೆಯ ಬಿಳಿಚು ಮೊಳಕೆಯ ಬದಲು ಗಿಡ್ಡನೆಯ, ಗಟ್ಟಿಯಾದ ಮೊಳಕೆ ಬರುತ್ತದೆ. ನೆಡುವಾಗ ಮುರಿಯುವುದೂ ಕಡಿಮೆ.