ಶ್ರೀನಾಥ್ ಬಗ್ಗೆ ಮೂರು ನಿಮಿಷ ಮಾತಾಡುವುದು ಹೇಗೆ?

ಅಕ್ಕನ ಮಗ ಆರನೇ ಕ್ಲಾಸು. ಶಾಲೆಯಲ್ಲಿ ‘ನನ್ನ ಮೆಚ್ಚಿನ ಆಟಗಾರ’ ಅಂತ ಮೂರು ನಿಮಿಷ ಮಾತಾಡಬೇಕಿತ್ತು. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಬಗ್ಗೆ ಮಾತಾಡು ಅಂದೆ. ಮೊದಲು ನಾನು ಬರೆದುಕೊಟ್ಟದ್ದು ಹೀಗಿತ್ತು: 67 ಟೆಸ್ಟ್, 236 ವಿಕೆಟ್, 229 ಒಂದು ದಿನದ ಪಂದ್ಯ, 315 ವಿಕೆಟ್. ಅವನು ಓದಿ ಮುಗಿಸುವಷ್ಟರಲ್ಲಿ ಅಕ್ಕನೇ ಆಕಳಿಸಿದಳು. ನಿಮ್ಮ ಮನೆಗೂ ಇಂಥ ಕೆಲಸ ಬಂದರೆ, ನನ್ನ ಹಾಗೆ ಶುರು ಮಾಡಬೇಡಿ.

ಮೊದಲು ಒಂದೇ ಒಂದು ಓವರ್ ಹಿಡಿದುಕೊಳ್ಳಿ. ನಾನು ಹಿಡಿದದ್ದು 1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ ಮೈದಾನದ ಟೆಸ್ಟ್. ಪಾಕಿಸ್ತಾನದ ಒಂಬತ್ತು ವಿಕೆಟ್ ಬಿದ್ದಿದೆ, ಒಂಬತ್ತೂ ಕುಂಬ್ಳೆಯದೇ. ಇನ್ನೊಂದು ತುದಿಯಲ್ಲಿ ಬಾಲ್ ಶ್ರೀನಾಥ್ ಕೈಯಲ್ಲಿ. ತಪ್ಪಿ ಅವರಿಗೇ ವಿಕೆಟ್ ಬಿದ್ದರೆ ಕುಂಬ್ಳೆಗೆ ಹತ್ತಕ್ಕೆ ಹತ್ತು ಕೈತಪ್ಪುತ್ತದಲ್ಲ? ಬೇಕಂತಲೇ ಸ್ಟಂಪಿನಿಂದ ಆಚೆ ಎಸೆದರು, ವೈಡ್ ಆಗುವಷ್ಟು ಆಚೆ. ಮುಂದಿನ ಓವರಿನಲ್ಲಿ ಅಕ್ರಂ ಔಟ್, ಕುಂಬ್ಳೆಗೆ 74 ರನ್ನಿಗೆ 10. ಆ ಇನಿಂಗ್ಸಿನಲ್ಲಿ ಶ್ರೀನಾಥ್ ವಿಕೆಟ್ ಲೆಕ್ಕ ಸೊನ್ನೆ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಆಡಿಸಿ. ಕಾಂಪೌಂಡ್ ಗೋಡೆ ಮೇಲೆ ಇದ್ದಿಲಲ್ಲಿ ಮೂರು ಗೆರೆ ಎಳೆದೆ. ಟೆನಿಸ್ ಬಾಲ್ ಕೊಟ್ಟು, “ಗೆರೆಗೂ ತಾಗಬಾರದು, ನನ್ನ ಬ್ಯಾಟಿಗೂ ಸಿಗಬಾರದು” ಅಂದೆ. ಆರರಲ್ಲಿ ಎರಡು ಗೆರೆಗೇ ಬಡಿದವು. “ಬೇಕಂತ ತಪ್ಪಿಸೋದೇ ಕಷ್ಟ ಮಾಮ” ಅಂದ. ಭಾಷಣದ ಮೊದಲ ಸಾಲು ಅದೇ ಆಯಿತು.

ಅದೇ ತಿಂಗಳು ಕೋಲ್ಕತ್ತದಲ್ಲಿ ಶ್ರೀನಾಥ್ 86 ರನ್ನಿಗೆ 8 ವಿಕೆಟ್ ತೆಗೆದರೂ ಭಾರತ ಸೋತದ್ದಕ್ಕೆ ಒಂದು ಸಾಲು ಸಾಕು. ಮೈಸೂರು, ಎಂಜಿನಿಯರಿಂಗ್ ಓದು, ಭುಜದ ಆಪರೇಷನ್, ಇವೆಲ್ಲ ಸೇರಿ ಇನ್ನೊಂದು.

ಜಾಸ್ತಿ ಜನ 2003ರ ವಿಶ್ವಕಪ್ಪಿಗೇ ಕತೆ ಮುಗಿಸುತ್ತಾರೆ. ಆದರೆ 2006ರಿಂದ ಅವರು ಐಸಿಸಿ ಮ್ಯಾಚ್ ರೆಫ್ರಿ ಅಲ್ವಾ? ಮಕ್ಕಳು ಅದನ್ನು ಅಂಪೈರ್ ಅಂದುಕೊಳ್ಳುತ್ತಾರೆ. ಅವರು ರೆಫ್ರಿಯಾಗಿದ್ದ ಯಾವುದಾದರೂ ಪಂದ್ಯದ ಟಾಸ್ ವಿಡಿಯೋ ಹಾಕಿ, ಕ್ಯಾಪ್ಟನ್‌ಗಳ ಪಕ್ಕ ನಿಂತ ಎತ್ತರದ ಮನುಷ್ಯನನ್ನು ತೋರಿಸಿ. ಔಟ್ ಕೊಡುವ ಕೆಲಸ ಅವರದಲ್ಲ. ಆಟಗಾರ ಅಂಪೈರ್ ಮೇಲೆ ರೇಗಿದರೆ, ಓವರ್ ನಿಧಾನವಾದರೆ ದಂಡ ಹಾಕುವವರು ಅವರು. ಪಿಚ್ ಹೇಗಿತ್ತು ಅಂತ ವರದಿ ಬರೆಯುವುದೂ ಅವರೇ. “ಅಂದ್ರೆ ನಮ್ಮ ಹೆಡ್‌ಮಾಸ್ಟರ್ ಥರ” ಅಂದ. ನಾನು ತಿದ್ದಲಿಲ್ಲ.

ಅಂಕಿಗಳ ಚೀಟಿ ಬಿಸಾಡಬೇಡಿ, ಜೇಬಲ್ಲಿ ಇಟ್ಟುಕೊಡಿ. ಯಾರಾದರೂ ಕೇಳಿಯೇ ಕೇಳುತ್ತಾರೆ. ನಮ್ಮವನಿಗೆ ಪಿ.ಟಿ. ಮೇಷ್ಟ್ರು ಕೇಳಿದರು.